ಕಲಬುರಗಿ ಸೀಮೆಯಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗೆ ಕೌನ್ಸೆಲಿಂಗ್: ಪೊಲೀಸ್ ಪಟ್ಟಿಯಿಂದ 14416 ಸಹಾಯವಾಣಿಯ ತನಕ

ಕಲಬುರಗಿ, ಬೀದರ್, ಯಾದಗಿರಿ ನಿಜಾಮರ ಸಂಸ್ಥಾನದಲ್ಲಿದ್ದಾಗ, 1919ರಲ್ಲಿ ಒಂದು ಕಾನೂನು ಬಂತು. ಹಿಜ್ರಾಗಳ ಪಟ್ಟಿ ಇಡಬೇಕು ಅಂತ ಅದು ಹೇಳಿತು. ಪಟ್ಟಿಯಲ್ಲಿರುವವರು ಸೀರೆ ಉಟ್ಟು ಬೀದಿಗೆ ಬಂದರೆ ವಾರಂಟ್ ಇಲ್ಲದೇ ಹಿಡಿಯಬಹುದಿತ್ತು. ತೆಲಂಗಾಣ ಹೈಕೋರ್ಟ್ ಇದನ್ನು ರದ್ದು ಮಾಡಿದ್ದು 2023ರಲ್ಲಿ. ನಮ್ಮ ಕರ್ನಾಟಕವೂ ಕಮ್ಮಿಯೇನಲ್ಲ: 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ ಇಂಥದೇ ಪಟ್ಟಿಗೆ ದಾರಿ ಮಾಡಿಕೊಟ್ಟಿತು. ಕೌನ್ಸೆಲಿಂಗ್‌ಗೆ ಬಂದಾಗ ನಿಮ್ಮ ಹೆಸರೇನು ಅಂತ ಕೇಳಿದರೆ ಇಂಥವರು ಹೆದರುವುದು ಸುಮ್ನೆ ಅಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಹಿಜ್ರಾಗಳು, ಸಲಿಂಗಾಸಕ್ತರ ಮಾತಿಗೆ ಕಿವಿಗೊಡುವ ಆಪ್ತಸಮಾಲೋಚಕರು ಸಿಕ್ಕಿದ್ದು ಹೆಚ್ಚಾಗಿ ಎಚ್‌ಐವಿ ಪರೀಕ್ಷಾ ಕೇಂದ್ರಗಳಲ್ಲಿ. ಅದರಿಂದ ಎಷ್ಟೋ ಜೀವ ಉಳಿದವು. ಆದರೆ ಅಲ್ಲಿನ ಮಾತು ರಕ್ತ ಪರೀಕ್ಷೆ, ಕಾಂಡೋಮ್, ಮಾತ್ರೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ, ನನಗೆ ಹುಡುಗಿ ಬೇಡ ಎನ್ನುವ ಹುಡುಗನ ಸಂಕಟ ಯಾವ ಫಾರಂನಲ್ಲಿ ಬರೆಯುವುದು?

ಅಮೆರಿಕದ ಮನೋವೈದ್ಯರ ಸಂಘ ಸಲಿಂಗಾಸಕ್ತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ನಮ್ಮಲ್ಲಿ ಸಲಿಂಗ ಸಂಬಂಧ 2018ರ ಸೆಪ್ಟೆಂಬರ್ 6ರವರೆಗೂ ಅಪರಾಧ. ಅಂದರೆ ಕಾಯಿಲೆ ಅಲ್ಲ ಅಂತ ಗೊತ್ತಿದ್ದ ವೈದ್ಯರ ಎದುರೂ ಕೂತವರು ಕಾನೂನಿನ ಕಣ್ಣಲ್ಲಿ ಅಪರಾಧಿಯೇ. ಅದೇ ವರ್ಷ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆ, ಚಿಕಿತ್ಸೆಯಲ್ಲಿ ಲೈಂಗಿಕ ಒಲವು ನೋಡಿ ಭೇದ ಮಾಡಬಾರದು ಅಂತು. ಗುಟ್ಟು ಕಾಯುವುದನ್ನೂ ಹಕ್ಕು ಮಾಡಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಈ ಗುಟ್ಟು. ಯಾದಗಿರಿಯಂಥ ಊರಲ್ಲಿ ಎರಡು ಪ್ರಶ್ನೆ ಕೇಳಿದರೆ ಯಾರ ಮಗ ಅಂತ ಗೊತ್ತಾಗಿಬಿಡುತ್ತದೆ. ಸಮಾಲೋಚಕರು ದೂರದ ನೆಂಟರೇ ಆಗಿರಬಹುದು, ಅಲ್ವಾ? ಮೇಲಾಗಿ ಅವ್ವ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾಳೆ. ಅವ್ವನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವುದು ಖರ್ಚಿಲ್ಲದ ಸುಧಾರಣೆ.

ಲೈಂಗಿಕ ಒಲವನ್ನು 'ಸರಿ ಮಾಡುತ್ತೇವೆ' ಎನ್ನುವ ಚಿಕಿತ್ಸೆ ಬೇಡ ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಅದು ವೃತ್ತಿ ದುರ್ನಡತೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಸಾರಿತು. ಆದರೆ ಆಯೋಗದ ಮಾತು ವೈದ್ಯರಿಗೆ ಮಾತ್ರ. ಕಾಲೇಜಿನ ಕೌನ್ಸೆಲರ್‌ಗಾಗಲಿ, ದೆವ್ವ ಬಿಡಿಸುವವರಿಗಾಗಲಿ ಅದು ತಟ್ಟುವುದಿಲ್ಲ.

2022ರ ಅಕ್ಟೋಬರ್‌ನಿಂದ ಟೆಲಿ ಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ, ಮುಖ ತೋರಿಸದೆ ಕನ್ನಡದಲ್ಲೇ ಮಾತಾಡಬಹುದು. ಮನೆ ತುಂಬ ಜನ ಇರುವವರು ಇದಕ್ಕೂ ಹೊಲದ ಕಡೆ ನಡೆಯಬೇಕು.