ಹನಿಯನ್ನು ಕಾಯುವ ಕಣಗಳು

ಇಂಗ್ಲೆಂಡಿನ ರಸಾಯನವಿಜ್ಞಾನಿ ಪರ್ಸಿವಲ್ ಸ್ಪೆನ್ಸರ್ ಪಿಕರಿಂಗ್ (1858–1920) ತಮ್ಮ ಪ್ರಾಯದ ಬಹುಪಾಲನ್ನು ದ್ರಾವಣಗಳ ಅಧ್ಯಯನಕ್ಕೆ ಸಲ್ಲಿಸಿದರು. ಕರಗಿದ ವಸ್ತು ನೀರಿನೊಡನೆ ಕೂಡಿ ಹೈಡ್ರೇಟ್‌ಗಳಾಗುತ್ತದೆ ಎಂಬುದು ಅವರ ದೃಢವಾದ ನಿಲುವಾಗಿತ್ತು. ಕರಗಿದ ಲವಣಗಳು ವಿದ್ಯುದಾವೇಶವುಳ್ಳ ಕಣಗಳಾಗಿ, ಎಂದರೆ ಅಯಾನುಗಳಾಗಿ, ಬಿಡಿಬಿಡಿಯಾಗುತ್ತವೆ ಎಂದು ಸ್ವೀಡನ್ನಿನ ರಸಾಯನವಿಜ್ಞಾನಿ ಅರ್ಹೇನಿಯಸ್ ಮಂಡಿಸಿದ ಸಿದ್ಧಾಂತವನ್ನು ಅವರು ಬಲವಾಗಿ ವಿರೋಧಿಸಿದರು, ಆದರೆ ಕಾಲಕ್ರಮೇಣ ವಿಜ್ಞಾನಲೋಕ ಅಯಾನುಗಳನ್ನೇ ಒಪ್ಪಿಕೊಂಡಿತು. ಇಂದು ಅವರ ಹೆಸರನ್ನು ಉಳಿಸಿರುವುದು 1894ರಲ್ಲಿ ಬೆಡ್‌ಫರ್ಡ್‌ನ ಡ್ಯೂಕ್ ಜೊತೆಗೂಡಿ ವೋಬರ್ನ್‌ನಲ್ಲಿ ಆರಂಭಿಸಿದ ಹಣ್ಣುಗಿಡಗಳ ಪ್ರಯೋಗಕ್ಷೇತ್ರದ ಕೆಲಸ.

ಗಿಡಗಳ ಮೇಲಿನ ಕೀಟಗಳನ್ನು ಕೊಲ್ಲಲು ಸೀಮೆಎಣ್ಣೆಯಂಥ ಎಣ್ಣೆಯನ್ನು ನೀರಿನಲ್ಲಿ ಸಣ್ಣ ಹನಿಗಳಾಗಿ ಹರಡಿ, ಎಂದರೆ ಎಮಲ್ಷನ್ ಮಾಡಿ, ಸಿಂಪಡಿಸುವುದು ಆಗ ರೂಢಿಯಲ್ಲಿತ್ತು. ಹನಿಗಳು ಮತ್ತೆ ಒಂದಾಗದಂತೆ ತಡೆಯಲು ಸಾಬೂನನ್ನು ಬೆರೆಸುತ್ತಿದ್ದರು. ಶಿಲೀಂಧ್ರಗಳಿಗೆ ಮದ್ದಾದ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಇದರೊಡನೆ ಸೇರಿಸಿದರೆ ಸಾಬೂನು ಒಡೆದು ಗಷ್ಟುಗಟ್ಟುತ್ತದೆ. ಆದರೆ ಮೈಲುತುತ್ತ ಮತ್ತು ಸುಣ್ಣ ಸೇರಿ ಉಂಟಾಗುವ, ನೀರಿನಲ್ಲಿ ಕರಗದ ತಾಮ್ರದ ಸಂಯುಕ್ತದ ನುಣ್ಣನೆಯ ಕಣಗಳೇ ಸಾಬೂನಿನ ನೆರವಿಲ್ಲದೆ ಎಣ್ಣೆಯ ಹನಿಗಳನ್ನು ಕಾಯಬಲ್ಲವು ಎಂಬುದನ್ನು ಪಿಕರಿಂಗ್ ಕಂಡರು. 1907ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ನ್ಯಾಯವಾಗಿ ಹೇಳುವುದಾದರೆ, ಘನಕಣಗಳು ದ್ರವದ ಮೇಲ್ಮೈಯಲ್ಲಿ ಪೊರೆಗಟ್ಟುವುದನ್ನು ವಾಲ್ಟರ್ ರಾಮ್ಸ್‌ಡೆನ್ 1903ರಲ್ಲಿಯೇ ವರದಿ ಮಾಡಿದ್ದರು. ಆದರೂ ಘನಕಣಗಳು ಕಾಯುವ ಎಮಲ್ಷನ್‌ಗಳು ಇಂದಿಗೂ ‘ಪಿಕರಿಂಗ್ ಎಮಲ್ಷನ್’ ಎಂದೇ ಪ್ರಸಿದ್ಧ.

ಕಣವು ಎಣ್ಣೆ ಮತ್ತು ನೀರಿನ ಗಡಿಯಲ್ಲಿ ಏಕೆ ನಿಲ್ಲುತ್ತದೆ? ಆ ಗಡಿಯ ಪ್ರತಿಯೊಂದು ಚೂರಿಗೂ ಶಕ್ತಿಯ ವೆಚ್ಚವಿದೆ. ಕಣವೊಂದು ಅಲ್ಲಿ ಕುಳಿತಾಗ ಅದು ಆವರಿಸಿದಷ್ಟು ಗಡಿ ಇಲ್ಲವಾಗಿ ಆ ವೆಚ್ಚ ಉಳಿತಾಯವಾಗುತ್ತದೆ. ಕಣವನ್ನು ಕಿತ್ತು ತೆಗೆಯಬೇಕಾದರೆ ಉಳಿತಾಯವಾದ ಆ ಶಕ್ತಿಯನ್ನು ಮತ್ತೆ ತೆರಬೇಕು. ಈ ಶಕ್ತಿ ಕಣದ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಎರಡೂ ದ್ರವಗಳು ಸಮನಾಗಿ ತೋಯಿಸುವ, 10 ನ್ಯಾನೋಮೀಟರ್ ತ್ರಿಜ್ಯದ ಕಣಕ್ಕೆ ಅದು ಕೋಣೆಯ ತಾಪದಲ್ಲಿ ಅಣುಗಳ ಚಲನೆಯಿಂದ ದೊರೆಯುವ ಉಷ್ಣಶಕ್ತಿಯ ಕೆಲವು ಸಾವಿರ ಪಟ್ಟಾದರೆ, ಒಂದು ಮೈಕ್ರೋಮೀಟರ್ ತ್ರಿಜ್ಯದ ಕಣಕ್ಕೆ ಕೋಟಿಗಟ್ಟಲೆ ಪಟ್ಟಾಗುತ್ತದೆ. ಸಾಬೂನಿನ ಅಣುಗಳು ಗಡಿಗೆ ಬಂದು ಹೋಗುತ್ತಲೇ ಇರುತ್ತವೆ, ಆದರೆ ಇಂಥ ಕಣ ಒಮ್ಮೆ ಕುಳಿತರೆ ತಾನಾಗಿ ಏಳುವುದಿಲ್ಲ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದೇ.

ಕಣವನ್ನು ನೀರು ಹೆಚ್ಚು ತೋಯಿಸಿದರೆ ನೀರಿನೊಳಗೆ ಎಣ್ಣೆಯ ಹನಿಗಳೂ, ಎಣ್ಣೆ ಹೆಚ್ಚು ತೋಯಿಸಿದರೆ ಎಣ್ಣೆಯೊಳಗೆ ನೀರಿನ ಹನಿಗಳೂ ಉಂಟಾಗುತ್ತವೆ. ಈ ನಿಯಮವನ್ನು 1923ರಲ್ಲಿ ಫಿಂಕಲ್, ಡ್ರೇಪರ್ ಮತ್ತು ಹಿಲ್ಡೆಬ್ರಾಂಡ್ ರೂಪಿಸಿದರು. ಯಾವುದಾದರೂ ಒಂದು ದ್ರವಕ್ಕೆ ಪೂರ್ತಿಯಾಗಿ ಒಲಿದ ಕಣ ಗಡಿಯಲ್ಲಿ ನಿಲ್ಲದೆ ಆ ದ್ರವದೊಳಗೇ ಸೇರಿಬಿಡುತ್ತದೆ.

ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಈ ಕ್ಷೇತ್ರಕ್ಕೆ ತಕ್ಕಷ್ಟು ಗಮನ ದೊರೆಯಲಿಲ್ಲ. ಅದಕ್ಕೆ ಮತ್ತೆ ಜೀವ ತುಂಬಿದವರಲ್ಲಿ ಬ್ರಿಟನ್ನಿನ ಹಲ್ ವಿಶ್ವವಿದ್ಯಾಲಯದ ಬರ್ನಾರ್ಡ್ ಬಿಂಕ್ಸ್ ಪ್ರಮುಖರು. ಮರಳಿನ ಮುಖ್ಯ ಘಟಕವಾದ ಸಿಲಿಕಾದ ಕಣಗಳ ಮೇಲ್ಮೈಯನ್ನು ಹಂತಹಂತವಾಗಿ ನೀರೊಲ್ಲದಂತೆ ಮಾರ್ಪಡಿಸಿ, ಎಮಲ್ಷನ್ ಒಂದು ಬಗೆಯಿಂದ ಇನ್ನೊಂದು ಬಗೆಗೆ ತಿರುಗುವುದನ್ನು ಅವರ ತಂಡ ಕ್ರಮಬದ್ಧವಾಗಿ ತೋರಿಸಿತು. 2006ರಲ್ಲಿ ಬಿಂಕ್ಸ್ ಮತ್ತು ಮುರಾಕಾಮಿ ಎಣ್ಣೆಯ ಜಾಗದಲ್ಲಿ ಗಾಳಿಯನ್ನು ಇಟ್ಟು ಇದೇ ತತ್ತ್ವವನ್ನು ಅನ್ವಯಿಸಿದರು: ನೀರಿನಲ್ಲಿ ಗಾಳಿಗುಳ್ಳೆಗಳಿದ್ದ ನೊರೆಯು, ಕಣಗಳ ಗುಣ ಬದಲಾದಂತೆ, ಗಾಳಿಯಲ್ಲಿ ನೀರಿನ ಹನಿಗಳಿರುವ ಪುಡಿಯಾಗಿ ಮಾರ್ಪಟ್ಟಿತು. ‘ಒಣ ನೀರು’ ಎಂದು ಕರೆಯುವ ಈ ಪುಡಿಯ ತೂಕದಲ್ಲಿ ಬಹುಪಾಲು ನೀರೇ ಆಗಿದ್ದರೂ ಅದು ಸರಾಗವಾಗಿ ಸುರಿಯುತ್ತದೆ.

ಕಣಗಳು ಹನಿಗಳಿಗೆ ನೀಡುವ ಇದೇ ಸ್ಥಿರತೆ ಕಚ್ಚಾ ತೈಲದ ಉದ್ಯಮಕ್ಕೆ ದೊಡ್ಡ ತೊಡಕು. ಅಲ್ಲಿ ಜೇಡಿಯ ಕಣಗಳೂ ತೈಲದಲ್ಲೇ ಇರುವ ಭಾರವಾದ ಅಣುಗಳಾದ ಆಸ್ಫಾಲ್ಟೀನ್‌ಗಳೂ ತೈಲದೊಳಗೆ ನೀರಿನ ಹನಿಗಳನ್ನು ಬಿಡದೆ ಹಿಡಿದಿಡುವುದರಿಂದ, ಹನಿಗಳನ್ನು ಒಡೆದು ನೀರನ್ನು ಬೇರ್ಪಡಿಸಲು ಶಾಖವನ್ನೂ ರಾಸಾಯನಿಕಗಳನ್ನೂ ಬಳಸಬೇಕಾಗುತ್ತದೆ. ಆಹಾರ ಮತ್ತು ಔಷಧಗಳ ಕಡೆಯ ಸಂಶೋಧಕರಾದರೋ ಸಿಲಿಕಾದ ಬದಲಿಗೆ ಪಿಷ್ಟ, ಸೆಲ್ಯುಲೋಸ್ ಮತ್ತು ಪ್ರೋಟೀನಿನ ಕಣಗಳನ್ನು ಪರೀಕ್ಷಿಸುತ್ತಿದ್ದಾರೆ. ಇಂಥ ಕಣಗಳ ಗಾತ್ರವೂ ಆಕಾರವೂ ಒಂದೇ ಸಮನಾಗಿರುವುದಿಲ್ಲ, ಕೆಲವಂತೂ ಗಡಿಗೆ ಬಂದ ಮೇಲೆ ಉಬ್ಬಿ ಚಪ್ಪಟೆಯಾಗುತ್ತವೆ. ಗಟ್ಟಿಯಾದ ಗುಂಡುಕಣಗಳಿಗಾಗಿ ರೂಪಿಸಿದ ಸೂತ್ರಗಳನ್ನು ಅವಕ್ಕೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.