ಎಡ ಗೊತ್ತು, ಪಡು ಗೊತ್ತಿಲ್ಲ: ಎಂಸಿಐ ಮತ್ತು ದಾರಿ ತಪ್ಪುವುದು

ಕ್ಲಾಸಿನಲ್ಲಿ ಈ ಪಾಠ ಒಂದೇ ಗಂಟೆಯಲ್ಲಿ ಮುಗಿಯಿತು. ನನಗೆ ಅರ್ಥವಾದದ್ದು ಮಾತ್ರ ಅಜ್ಜನ ಜೊತೆ ಉಡುಪಿ ರಥಬೀದಿಯಲ್ಲಿ ನಿಂತಾಗ. ಪರೀಕ್ಷೆಗೆ ಓದುವವರಿಗೆ ಬೇಕಾದೀತು ಅಂತ ಬರೆದಿಟ್ಟಿದ್ದೇನೆ.

ಎಂಸಿಐ ಅಂದರೆ ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್. ವಯಸ್ಸಿಗೆ ಸಹಜವಾದ ಮರೆವಿಗಿಂತ ಜಾಸ್ತಿ, ಆದರೆ ಡಿಮೆನ್ಷಿಯಾ ಅಲ್ಲ. ಸ್ನಾನ, ಅಡುಗೆ, ಅಂಗಡಿ ಲೆಕ್ಕ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಮುಂದೆ ಎಲ್ಲರಿಗೂ ಡಿಮೆನ್ಷಿಯಾ ಬರುತ್ತದೆ ಅಂತಿಲ್ಲ. ಕೆಲವರು ಹಾಗೇ ಇರುತ್ತಾರೆ, ಸುಧಾರಿಸುವವರೂ ಇದ್ದಾರೆ.

ಈಗ ಜಾಗ, ದಿಕ್ಕು ಗುರುತಿಸುವ ಎರಡು ಬಗೆಗಳಿಗಿರುವ, ಎಲ್ಲರೂ ಅದಲುಬದಲು ಮಾಡುವ ಎರಡು ಪದ: ಈಗೊಸೆಂಟ್ರಿಕ್, ಅಲೊಸೆಂಟ್ರಿಕ್. ಕರಾವಳಿಯವರಿಗೆ ಇದು ಕಷ್ಟ ಆಗಬಾರದು. ‘ಎಡಗಡೆ’ ಅನ್ನುವುದು ನನ್ನ ಮೈಯಿಂದ ನೋಡಿ ಹೇಳಿದ್ದು. ನಾನು ತಿರುಗಿದರೆ ಎಡವೂ ತಿರುಗುತ್ತದೆ. ಇದು ಈಗೊ. ‘ಪಡು’ ಅಂದರೆ ಕಡಲಿರುವ ದಿಕ್ಕು. ನಾನು ಹೇಗೆ ನಿಂತರೂ ಕಡಲು ಅಲ್ಲೇ ಇರುತ್ತದೆ. ಇದು ಅಲೊ. ಪಡುಬಿದ್ರಿ, ಮೂಡುಬಿದಿರೆ, ತೆಂಕನಿಡಿಯೂರು, ಬಡಾನಿಡಿಯೂರು: ಹಿರಿಯರು ಊರಿಗೆ ಹೆಸರಿಟ್ಟದ್ದೇ ಅಲೊಸೆಂಟ್ರಿಕ್ ಆಗಿ! ಯಕ್ಷಗಾನದ ತೆಂಕು–ಬಡಗು ಕೂಡ ಹಾಗೇ ಅಲ್ವಾ.

ಅಲೊ ನಕ್ಷೆಗೆ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಬೇಕು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ‘ಪ್ಲೇಸ್ ಸೆಲ್’ಗಳ ಬಗ್ಗೆ ಜಾನ್ ಓಕೀಫ್ 1971ರಲ್ಲಿ ಬರೆದರು. ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ‘ಗ್ರಿಡ್ ಸೆಲ್’ಗಳಿವೆ ಎಂದು ಮೋಸರ್ ದಂಪತಿ 2005ರಲ್ಲಿ ತೋರಿಸಿದರು. ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಆಲ್‌ಝೈಮರ್‌ನಲ್ಲಿ ಟಾವ್ ಪ್ರೋಟೀನಿನ ಗಂಟುಗಳು ಬಹಳ ಬೇಗ ಕಾಣಿಸಿಕೊಳ್ಳುವುದು ಈ ಎಂಟೊರೈನಲ್ ಸುತ್ತಮುತ್ತಲೇ. ದಿನಾ ನಡೆದು ರೂಢಿಯಾದ ದಾರಿಯ ಕೆಲಸ ಮಾತ್ರ ಬೇರೆ ಕಡೆ, ಕಾಡೇಟ್ ನ್ಯೂಕ್ಲಿಯಸ್ ಭಾಗದಲ್ಲಿ. ಅದು ಇನ್ನೂ ಗಟ್ಟಿಯಾಗಿರಬಹುದು. ತೊಂದರೆ ಅಡಗಿ ಕೂರುವುದೂ ಅದರ ಹಿಂದೆಯೇ.

ಅಜ್ಜನ ವಿಷಯ ಹಾಗೇ ಆಯಿತು. ದಿನಾ ಸಂಜೆ ಮಠಕ್ಕೆ ಹೋಗಿ ತಾವೇ ಬರುತ್ತಿದ್ದರು. ಪರ್ಯಾಯದ ಗಡಿಬಿಡಿಯಲ್ಲಿ ಒಂದು ದಿನ ಅವರ ದಾರಿಗೆ ಅಡ್ಡ ಕಟ್ಟಿದ್ದರು. ಬೇರೆ ಗಲ್ಲಿಯಿಂದ ಬನ್ನಿ ಅಂದರಂತೆ, ಅಷ್ಟೇ. ರಥಬೀದಿಗೆ ಮೂರು ಸುತ್ತು ಹಾಕಿದ್ದಾರೆ. ಗುರುತಿನ ಹೂವಿನವರು ನೋಡಿದ್ದಾರೆ, ಪ್ರದಕ್ಷಿಣೆ ಅಂದುಕೊಂಡು ಸುಮ್ನಿದ್ದಾರೆ. ನಾಲ್ಕನೇ ಸುತ್ತಿಗೆ ಅನುಮಾನ ಬಂದು ಫೋನ್ ಮಾಡಿದರು.

ವಾರದ ನಂತರ ಅಲ್ಲೇ ನಿಂತು ಕೇಳಿದೆ, “ಅಜ್ಜ, ಮಲ್ಪೆ ಯಾವ ಕಡೆ ಬರ್ತದೆ?” ಅಜ್ಜ ಎಂಟೂ ಮಠಗಳ ಹೆಸರು ಹೇಳಿದರು, ಒಂದೊಂದನ್ನೂ ತೋರಿಸಿದರು. ಪಡುವಿನಲ್ಲಿ ಕಡಲ ಬದಿಗಿರುವ ಮಲ್ಪೆಗೆ ಮಾತ್ರ ಕೈ ಅರ್ಧ ಎತ್ತಿ ನಿಲ್ಲಿಸಿದರು. ಆಮೇಲೆ ಅದಕ್ಕೆ ಎದುರು ದಿಕ್ಕಿನ ಮಣಿಪಾಲದ ಕಡೆ ತೋರಿಸಿ, “ಬಸ್ಸು ಅಲ್ಲೇ ಅಲ್ವಾ ಮಗಾ ಹೋಗುದು?” ಅಂದರು. ಗುರುತುಗಳೆಲ್ಲ ಇವೆ, ಅವುಗಳ ನಡುವಿನ ನಂಟು ಸಡಿಲವಾಗಿದೆ.

2007ರಲ್ಲಿ ಪ್ರಾಗ್‌ನ ಯಾಕುಬ್ ಹಾರ್ಟ್ ತಂಡ ಇದನ್ನೇ ಗುಂಡಗಿನ ಒಂದು ಟೆಂಟಿನೊಳಗೆ ಪರೀಕ್ಷಿಸಿತು. ಅಡಗಿಸಿಟ್ಟ ಗುರಿಯನ್ನು ಒಮ್ಮೆ ಹೊರಟ ಜಾಗದಿಂದ, ಇನ್ನೊಮ್ಮೆ ಗೋಡೆಯ ಗುರುತುಗಳಿಂದ ಹುಡುಕಬೇಕು. ಮರೆವೇ ಮುಖ್ಯವಾಗಿರುವ ಎಂಸಿಐ ಇದ್ದವರು ಎರಡನೆಯದರಲ್ಲಿ ಎಡವಿದರು.

ಕ್ಲಿನಿಕ್‌ನಲ್ಲಿ ಇದು ತಪ್ಪಿಹೋಗುವುದು ಸುಲಭ. ನೆನಪು, ಯೋಚನೆಯನ್ನು ಅಳೆಯುವ ಮೊಕಾ ಪರೀಕ್ಷೆಯಲ್ಲಿ ತಾರೀಕು, ಊರು ಕೇಳುತ್ತಾರೆ, ಗಡಿಯಾರ ಬಿಡಿಸಲು ಹೇಳುತ್ತಾರೆ. ದಾರಿ ಹುಡುಕಿಸುವುದಿಲ್ಲ. “ದಾರಿ ತಪ್ಪುತ್ತದಾ?” ಅಂದರೆ ಅಜ್ಜನಂಥವರು “ಎಂತ ಇಲ್ಲ” ಅಂತಾರೆ, ಅದು ಸುಳ್ಳೂ ಅಲ್ಲ. ನನ್ನ ಪ್ರಕಾರ ಕೇಳಬೇಕಾದ್ದು, “ದಾರಿ ಬಂದ್ ಆದಾಗ ಎಂತ ಮಾಡಿದ್ರಿ?” ಮನೆಯವರನ್ನೂ ಕೇಳಬೇಕು.

ಒಂದು ಎಚ್ಚರಿಕೆ. ವಯಸ್ಸಾದಂತೆ ಅಲೊ ಎಲ್ಲರಿಗೂ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಹೋಲಿಕೆ ಅದೇ ಪ್ರಾಯದವರ ಜೊತೆ ಇರಲಿ. ಕಣ್ಣಿನ ಪೊರೆ, ಕಿವಿಯ ಬ್ಯಾಲೆನ್ಸ್, ಖಿನ್ನತೆಯನ್ನೂ ನೋಡಬೇಕು. ದಾರಿ ತಪ್ಪಿದ್ದೊಂದರಿಂದಲೇ ಎಂಸಿಐ ಅನ್ನುವಂತಿಲ್ಲ.

ಅಜ್ಜ ಈಗಲೂ ಸಂಜೆ ಹೋಗುತ್ತಾರೆ. ದಾರಿ ಬಂದ್ ಇದ್ದರೆ ಹುಡುಕಲು ಹೋಗದೆ ಹೂವಿನವರ ಹತ್ತಿರ ಕೂರಬೇಕು ಅಂತ ಮಾತಾಗಿದೆ. ಆ ಅಂಗಡಿ ಅವರಿಗೆ ತಪ್ಪುವುದಿಲ್ಲ.