ಪ್ರೆಶರ್ ಏರಿಸುವ ಮೊದಲು ಮಗ್ಗುಲು ನೋಡಿ

ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಮೆಷಿನ್ ಮನೆಗೆ ಒಯ್ದು ಕೆಲವೇ ವಾರಕ್ಕೆ ಚಿಕ್ಕಮಗಳೂರಿನ ನಮ್ಮ ಕ್ಲಿನಿಕ್‌ಗೆ ವಾಪಸ್ ಬರುವವರು ಕೇಳುವುದು ಹೆಚ್ಚುಕಮ್ಮಿ ಒಂದೇ. "ಡಾಕ್ಟ್ರೇ, ಪ್ರೆಶರ್ ಸ್ವಲ್ಪ ಜಾಸ್ತಿ ಮಾಡಿಕೊಡಿ." ಎಷ್ಟೋ ಸಲ ಪ್ರೆಶರ್‌ನಲ್ಲಿ ತಪ್ಪೇ ಇರುವುದಿಲ್ಲ. ತಪ್ಪಿರುವುದು ಮಾಸ್ಕ್ ಕೂತ ರೀತಿಯಲ್ಲಿ, ಇಲ್ಲವೇ ಮಲಗಿದ ಮಗ್ಗುಲಲ್ಲಿ.

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಿಗೆ ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ಮೆಷಿನ್ ಗಾಳಿಯ ಒತ್ತಡದಿಂದ ಅದನ್ನು ತೆರೆದಿಡುತ್ತದೆ, ಅಷ್ಟೇ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ದಾರಿ ಇನ್ನಷ್ಟು ಕಿರಿದಾಗುತ್ತದೆ. ಮಗ್ಗುಲಾದಾಗ ಸಾಕಾಗುವ ಪ್ರೆಶರ್ ಆಗ ಸಾಲುವುದಿಲ್ಲ.

ಮೂಡಿಗೆರೆ ಕಡೆಯ ಎಸ್ಟೇಟ್ ರೈಟರ್ ಒಬ್ಬರು ಬಂದಿದ್ದರು. ಪ್ರೆಶರನ್ನು ತಾನೇ ಏರಿಸಿ ಇಳಿಸುವ ಆಟೋ ಮೆಷಿನ್, ಪ್ರೆಶರ್‌ನ ಮಿತಿ 4ರಿಂದ 20ರವರೆಗೆ (ಸೆಂ.ಮೀ. ನೀರಿನ ಲೆಕ್ಕದಲ್ಲಿ) ಪೂರ್ತಿ ಬಿಟ್ಟಿತ್ತು. ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿದೆ ಎಂಬ ಲೆಕ್ಕ ರಿಪೋರ್ಟ್‌ನಲ್ಲಿ ಬರುತ್ತದೆ. ಅದು 5ರೊಳಗೆ ಇರಬೇಕು, ಇವರದು ಎರಡಂಕಿ. ಆದರೆ ನಾನು ಸರಾಸರಿ ನೋಡಿ ಸುಮ್ಮನಾಗುವುದಿಲ್ಲ, ಯಾವ ಹೊತ್ತಿಗೆ ಕಟ್ಟಿದೆ ಎಂದು ನೋಡುತ್ತೇನೆ. ಎಲ್ಲವೂ ಬೆಳಗಿನ ಜಾವ ಗುಂಪಾಗಿ ಬಂದಿದ್ದವು. ಆ ಹೊತ್ತಿನಲ್ಲಿ ಕನಸಿನ ನಿದ್ದೆ ಜಾಸ್ತಿ, ಸ್ನಾಯು ಇನ್ನೂ ಸಡಿಲ. ಅದೂ ಕಾರಣ ಇರಬಹುದು. ಯಾವ ಮಗ್ಗುಲಲ್ಲಿ ಮಲಗಿದ್ದರು ಅಂತ ಮೆಷಿನ್‌ಗೆ ಗೊತ್ತಾಗುವುದಿಲ್ಲ. ಜೊತೆಗೆ ಬಂದಿದ್ದ ಹೆಂಡತಿಯನ್ನು ಕೇಳಿದೆ. "ಆ ಹೊತ್ತಿಗೆ ಅಂಗಾತ ಆಗಿರ್ತಾರೆ ಸಾರ್, ಬಾಯಿ ಬೇರೆ ತೆರೆದಿರುತ್ತೆ" ಎಂದರು. ಮಾಸ್ಕ್‌ನಿಂದ ಗಾಳಿ ಸೋರುವುದನ್ನು ತೋರಿಸುವ ಲೀಕ್‌ನ ಗೆರೆ ಸಹ ಅದೇ ಹೊತ್ತಿಗೆ ಮೇಲೇರಿತ್ತು.

ಬೆನ್ನಿಗೆ ಉದ್ದನೆಯ ಗಟ್ಟಿ ದಿಂಬು ಇಟ್ಟು ಮಗ್ಗುಲಾಗಿ ಮಲಗಲು ಹೇಳಿದೆ. ಕೆಳಗಿನ ಮಿತಿಯನ್ನು ಮಾತ್ರ 4ರಿಂದ ತುಸು ಮೇಲಕ್ಕೆ ತಂದೆ. ಮೈಕೈ ತುಂಬಿದವರಿಗೆ 4 ಅಂದರೆ ಗಾಳಿಯೇ ಸಾಲದ ಹಾಗೆ ಅನಿಸುತ್ತದೆ. ಉಸಿರು ಕಟ್ಟಿದ ಮೇಲೆ ಮೆಷಿನ್ ಕೆಳಗಿನಿಂದ ಏರಿಕೊಂಡು ಬರುವಷ್ಟರಲ್ಲಿ ತಡವಾಗಿರುತ್ತದೆ. ಮುಂದಿನ ರಿಪೋರ್ಟ್‌ನಲ್ಲಿ ಅಂಕಿ 5ರೊಳಗೆ ಬಂತು. ಈ ಬದಲಾವಣೆ ನೀವೇ ಮೆನು ತೆರೆದು ಮಾಡಬೇಡಿ. ಬೇಕಿಲ್ಲದ ಪ್ರೆಶರ್‌ನಿಂದ ಲೀಕ್ ಹೆಚ್ಚಾಗುತ್ತದೆ, ಗಾಳಿ ನುಂಗಿ ಹೊಟ್ಟೆ ಉಬ್ಬುತ್ತದೆ. ಕೆಲವರಿಗೆ ಮಿದುಳೇ ಉಸಿರಾಡಲು ಹೇಳುವುದನ್ನು ಬಿಟ್ಟುಬಿಡುವ ಇನ್ನೊಂದು ತೊಂದರೆ ಶುರುವಾಗುವುದೂ ಉಂಟು.

ತಲೆಗೆ ಎರಡು ದಿಂಬು ಪೇರಿಸುವುದು ಬೇಡ. ಕತ್ತು ಮುಂದಕ್ಕೆ ಬಾಗಿ ಗಂಟಲು ಮಡಚುತ್ತದೆ. ಎತ್ತರ ಬೇಕಿದ್ದರೆ ಮಂಚದ ತಲೆಭಾಗವನ್ನೇ ಎತ್ತಿ. ಮಾಸ್ಕ್‌ನ ಪಟ್ಟಿಯನ್ನು ಕನ್ನಡಿ ಮುಂದೆ ನಿಂತು ಬಿಗಿದರೆ ಪ್ರಯೋಜನವಿಲ್ಲ. ಮಲಗಿ, ಗಾಳಿ ಬರುತ್ತಿರುವಾಗ, ಮಗ್ಗುಲಾಗಿ ಸರಿಮಾಡಿಕೊಳ್ಳಿ. ಮೂಗಿನ ಮೇಲೆ ಗಾಯವಾಗುವಷ್ಟು ಬಿಗಿಯಬೇಕಾದರೆ ಆ ಸೈಜ್ ನಿಮ್ಮದಲ್ಲ.

ನಮ್ಮ ಮಲೆನಾಡಿನ ಚಳಿಯದ್ದೇ ಬೇರೆ ಕಥೆ. ಡಿಸೆಂಬರ್‌ನಲ್ಲಿ, ಮೆಷಿನ್‌ನ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್‌ನ ಬೆಚ್ಚಗಿನ ಗಾಳಿ ತಣ್ಣನೆಯ ಪೈಪಿನೊಳಗೆ ನೀರಾಗುತ್ತದೆ. ನಡುರಾತ್ರಿ ಗುಡುಗುಡು ಸದ್ದು, ಮುಖಕ್ಕೆ ಹನಿ. ಹೆದರಿ ಮೆಷಿನ್ ಆಫ್ ಮಾಡಿ ಮಲಗುವವರೇ ಜಾಸ್ತಿ. ಪೈಪಿಗೆ ಬಟ್ಟೆಯ ಕವರ್ ಹಾಕಿ, ಅಥವಾ ಕಂಬಳಿಯೊಳಗೆ ತೂರಿಸಿ. ಮೆಷಿನ್ ತಲೆಗಿಂತ ಕೆಳಗಿರಲಿ. ಆಮೇಲೂ ನೀರು ನಿಂತರೆ ತೇವಾಂಶದ ಸೆಟ್ಟಿಂಗ್ ಒಂದು ಹಂತ ಇಳಿಸಿ, ಇದನ್ನು ನೀವೇ ಮಾಡಬಹುದು. ತೊಟ್ಟಿಗೆ ಹಾಕುವುದು ಡಿಸ್ಟಿಲ್ಡ್ ವಾಟರ್ ಆಗಿರಲಿ, ಬೋರ್‌ವೆಲ್ ನೀರಿನ ಬಿಳಿ ಕಲೆ ಸುಲಭಕ್ಕೆ ಹೋಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡಿಸುವಾಗ ಹ್ಯೂಮಿಡಿಫೈಯರ್ ಬಿಸಿ ಆಫ್ ಮಾಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಚೆಕಪ್‌ಗೆ ಬರುವಾಗ ಮೆಷಿನ್‌ನ ಮೆಮೊರಿ ಕಾರ್ಡ್ ತನ್ನಿ, ಮಾಸ್ಕನ್ನೂ ತನ್ನಿ. ಪಕ್ಕದಲ್ಲಿ ಮಲಗುವವರು ಜೊತೆಗೆ ಬಂದರೆ ನನ್ನ ಅರ್ಧ ಕೆಲಸ ಅವರೇ ಮುಗಿಸುತ್ತಾರೆ.